ನಿನ್ನ ಮದುವೆಗೆ ಕೊಡ್ತೇನೆ

ಗಲ್ಫಿನ ಹೋಟೆಲಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಊರಿಗೆ ಮರಳುವಾಗ ನನ್ನ ಗಂಡ ಎರಡು ಅಭ್ಯಾಸಗಳನ್ನು ಜೊತೆಗೆ ತಂದರು. ಒಂದು, ಮೈ ಒರೆಸುವ ಬೈರಾಸನ್ನು ಮಡಚಿ ಹಂಸ ಮಾಡಿ ಹಾಸಿಗೆಯ ಮೇಲೆ ಕೂರಿಸುವುದು. ಇನ್ನೊಂದು, ಎಲ್ಲಿ ಚಹಾ ಕುಡಿದರೂ ಟಿಪ್ಸ್ ಇಡುವುದು. ಹಂಸದಿಂದ ನನಗೇನೂ ತೊಂದರೆಯಿರಲಿಲ್ಲ, ಸ್ನಾನಕ್ಕೆ ಹೋಗುವಾಗ ಬಿಚ್ಚಿದರಾಯಿತು. ಟಿಪ್ಸ್‌ನಿಂದ ಮಾತ್ರ ಕಲ್ಲಡ್ಕದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮೆರವಣಿಗೆಯಾಯಿತು.

ಅವರು ಚಹಾದ ಲೋಟದಡಿ ಒಂದು ನೋಟು ಇಟ್ಟು ಎದ್ದು ಬಂದಿದ್ದರು. ನಾವು ರಸ್ತೆ ದಾಟುವುದರೊಳಗೆ ಹೋಟೆಲಿನ ಸಪ್ಲಾಯರ್ ಆ ನೋಟನ್ನು ಬಾವುಟದ ಹಾಗೆ ಎತ್ತಿ ಹಿಡಿದು ಓಡಿ ಬಂದ. ನಡುವಯಸ್ಸಿನವನು, ಏದುಸಿರು ಬಿಡುತ್ತಿದ್ದ.

"ಅಣ್ಣ, ಹಣ ಬಿಟ್ಟು ಬಂದಿದ್ದೀರಿ."

"ಬಿಟ್ಟದ್ದಲ್ಲ. ಅದು ನಿಮಗೆ."

"ನನಗೆ ಯಾಕೆ? ಬಿಲ್ಲು ಕೊಟ್ಟಾಗಿದೆಯಲ್ಲ?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನನ್ನ ಗಂಡ ತಗ್ಗಿದ ದನಿಯಲ್ಲಿ ಇದು ಖುಷಿಯಿಂದ ಕೊಟ್ಟದ್ದು ಎಂದು ವಿವರಿಸಿದರು. ಅವನು ನೋಟನ್ನೂ ಇವರ ಮುಖವನ್ನೂ ನೋಡಿ, "ಹಾಗಾದರೆ ಇನ್ನೊಂದು ಚಹಾ ಕುಡಿದು ಹೋಗಿ. ಸುಮ್ಮನೆ ತೆಗೆದುಕೊಳ್ಳುವುದು ಹೇಗೆ?" ಎಂದ. ನಾವು ವಾಪಸು ಹೋಗಿ ಇನ್ನೊಂದು ಚಹಾ ಕುಡಿದೆವು. ಬಸ್ಸು ತಪ್ಪಿತು. ನಾನು ಮನೆ ತಲುಪುವವರೆಗೂ ನಕ್ಕೆ. ಇದೇ ಟಿಪ್ಸ್ ಮುಂದೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು ನನ್ನನ್ನು ಅಳಿಸಲು ನೋಡುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನನ್ನದು ಗುರುವಾಯನಕೆರೆಯಲ್ಲಿ ಹೆಂಗಸರ ಬ್ಯೂಟಿ ಪಾರ್ಲರ್. ಮಾಳಿಗೆಯ ಮೇಲೆ ಒಂದೇ ಕೋಣೆ, ಎರಡು ಕುರ್ಚಿ, ಕಾಯುವವರಿಗೊಂದು ಬೆಂಚು. ಅಂಗಡಿ ನನ್ನದಾದರೂ ಗಿರಾಕಿಗಳು ಬರುವುದು ನನಗಾಗಿ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಅವರು ಬರುವುದು ನನ್ನ ಜೊತೆಗಾತಿಯ ಕೈಗಾಗಿ. ವಾಮದಪದವಿನವಳು, ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಮೊದಲ ದಿನ ಬಂದಾಗ ಜಡೆಗೆ ಮಲ್ಲಿಗೆ ಮುಡಿದ ಹುಡುಗಿ, ಈಗ ಮೂವತ್ತು ದಾಟಿ ಆಗಿದೆ. ಅವಳು ತಲೆಗೆ ಎಣ್ಣೆ ಹಾಕಿ ತಿಕ್ಕಿದರೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅವಳಿಗೆ ಕೋಪವೆಂದರೆ ಏನೆಂದೇ ತಿಳಿಯದು. ಹೀಗಾಗಿ ಒಂದೇ ಬುತ್ತಿ ಹಂಚಿಕೊಂಡು ಇಷ್ಟು ವರ್ಷ ಕಳೆದೆವು.

ನಮ್ಮ ಗಿರಾಕಿಗಳು ಕೈಬಿಚ್ಚಿ ಕೊಡುವವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಡ್ಡು ಕೊಡುವುದು ಅವರಿಗೆ ಗೊತ್ತಿಲ್ಲ. ಹುಬ್ಬು ತೆಗೆಸಿಕೊಂಡು ಹೋದವರು ಮರುದಿನ ಪಲ್ಯಕ್ಕೆಂದು ಜೀಗುಜ್ಜೆ ಕಳಿಸುತ್ತಾರೆ, ಹೇಗೆ ಬೇಯಿಸಬೇಕೆಂದೂ ಹೇಳುತ್ತಾರೆ. ತಲೆಗೆ ಬಣ್ಣ ಹಾಕಿಸಿಕೊಂಡವರು ನುಗ್ಗೆಕಾಯಿ ತರುತ್ತಾರೆ. ಮಕ್ಕಳು ಗಲ್ಫಿನಲ್ಲಿರುವ ಬ್ಯಾರಿ ಮುಸ್ಲಿಮರ ಮನೆಗಳಿಂದ ಸಾಬೂನು, ಹಾಲಿನ ಪುಡಿಯ ಡಬ್ಬ, ತಲೆನೋವಿನ ಎಣ್ಣೆ. ಸಂಜೆ ಬಸ್ಸು ಹತ್ತುವಾಗ ಅವಳ ಕೈಯಲ್ಲಿ ಸಂತೆ ಮುಗಿಸಿ ಹೊರಟವರ ಹಾಗೆ ಚೀಲಗಳು. ಕಂಡಕ್ಟರ್ ದಿನಾ ಒಂದೇ ಮಾತು ಹೇಳುತ್ತಿದ್ದನಂತೆ: "ನಿಮಗೆ ಅರ್ಧ ಟಿಕೆಟ್, ಚೀಲಕ್ಕೆ ಒಂದೂವರೆ."

ಅಪರೂಪಕ್ಕೆ ಯಾರಾದರೂ ಪರ್ಸಿಗೆ ಕೈ ಹಾಕಿದರೆ, ಅಲ್ಲಿ ಒಂದು ಮಾತು ಅಡ್ಡ ಬರುತ್ತಿತ್ತು. "ಈಗ ಚಿಲ್ಲರೆ ಕೊಟ್ಟು ಏನು ಬಂತು ಮಾರಾಯ್ತಿ? ನಿನ್ನ ಮದುವೆಗೆ ಕೊಡ್ತೇನೆ, ದೊಡ್ಡದೇ ಕೊಡ್ತೇನೆ." ಪರ್ಸು ಮುಚ್ಚುತ್ತಿತ್ತು. ಊರಿನ ದೊಡ್ಡ ಮನೆತನವಾದ ಗುತ್ತಿನ ಮನೆಯ ಅಮ್ಮ ಅವಳ ಮದುವೆಗೆಂದು ಸೀರೆಯನ್ನೇ ಕೊಂಡು ಕಪಾಟಿನಲ್ಲಿಟ್ಟಿದ್ದರು. ನಾವೆಲ್ಲ ಉಮ್ಮ ಎಂದು ಕರೆಯುವ, ಬ್ಯಾರಿ ಮನೆಯ ಹಿರಿಯ ಹೆಂಗಸು ಮಗನಿಗೆ ಹೇಳಿ ಅತ್ತರಿನ ಬಾಟಲಿ ತರಿಸಿಟ್ಟಿದ್ದರು. ಊರಿಗೆ ಊರೇ ಅವಳ ಮದುವೆಗಾಗಿ ಕೂಡಿಸಿಡುತ್ತಿತ್ತು.

ಮದುವೆಯಾಗುವುದಿಲ್ಲ ಎಂದು ಅವಳು ತೀರ್ಮಾನಿಸಿ ಕಾಲವಾಗಿತ್ತು. ಅದು ಅವಳ ತಾಯಿಗೆ ಗೊತ್ತು, ನನಗೆ ಗೊತ್ತು. ಗಿರಾಕಿಗಳಿಗೆ ಹೇಳಿರಲಿಲ್ಲ. ಹೇಳಿದರೆ ಒಂದೊಂದು ತಲೆಗೆ ಎಣ್ಣೆ ಹಾಕುವಾಗಲೂ ಒಬ್ಬೊಬ್ಬ ಗಂಡಿನ ಜಾತಕ ಕೇಳಬೇಕಾಗುತ್ತದೆ ಎಂದು ಅವಳ ಹೆದರಿಕೆ. ಅವಳಿಗೆ ಬೇಕಾಗಿದ್ದದ್ದು ಗಂಡನಲ್ಲ, ಸ್ಕೂಟರ್. ಕೆಂಪು ಬಣ್ಣದ್ದು. ಸಂಜೆಯ ಬಸ್ಸಿಗೆ ಓಡುವುದು ತಪ್ಪಬೇಕು, ಭಾನುವಾರ ತಾಯಿಯನ್ನು ಹಿಂದೆ ಕೂರಿಸಿಕೊಂಡು ಸುತ್ತಬೇಕು. ಇಷ್ಟೇ ಆಸೆ. ನಾನು ಕೊಡುವ ಸಂಬಳ ಮನೆಗೆ ಸರಿಹೋಗುತ್ತಿತ್ತು, ಸ್ಕೂಟರಿನವರೆಗೆ ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕತ್ತರಿಗಳನ್ನು ಒರೆಸಿಡುತ್ತಾ ಅವಳು ಹೇಳಿದಳು: "ಅಕ್ಕ, ಮೂಡಬಿದ್ರೆಯಲ್ಲಿ ಹೊಸ ಹೋಟೆಲಿನವರು ಸ್ಪಾ ಮಾಡಿದ್ದಾರಂತೆ. ನನ್ನನ್ನು ಕರೆದಿದ್ದಾರೆ. ಸಂಬಳ ಇಲ್ಲಿಯಷ್ಟೇ. ಆದರೆ ಅಲ್ಲಿ ಟಿಪ್ಸ್ ಉಂಟಂತೆ."

"ಹೋಗುವುದಾದರೆ ಹೋಗು. ಯಾರು ಹಿಡಿದುಕೊಂಡದ್ದು?" ಎಂದೆ.

ಆ ದಿನ ನನ್ನ ಕುರ್ಚಿಗೆ ಬಂದ ಒಬ್ಬ ಟೀಚರಮ್ಮನ ಎಡ ಹುಬ್ಬು ಬಲ ಹುಬ್ಬಿಗಿಂತ ತೆಳ್ಳಗಾಯಿತು. ಪಾಪ, ಅವರು ಎರಡು ವಾರ ಎಲ್ಲರನ್ನೂ ಅನುಮಾನದಿಂದ ನೋಡುತ್ತಿರುವವರ ಹಾಗೆ ಓಡಾಡಿದರು. ಇವಳು ಹೋದರೆ ಪಾರ್ಲರಿಗೆ ಬೀಗ ಹಾಕುವುದೇ ಎಂದು ನನಗೆ ಖಾತ್ರಿಯಿತ್ತು. ಬೀಗಕ್ಕಿಂತ ಹೆಚ್ಚಾಗಿ, ಮಧ್ಯಾಹ್ನ ಒಬ್ಬಳೇ ಬುತ್ತಿ ಬಿಚ್ಚುವುದನ್ನು ನೆನೆದರೇ ಅಳು ಬರುತ್ತಿತ್ತು.

ಗಂಡನಿಗೆ ಹೇಳಿದೆ. ಅವರು ಬೈರಾಸಿನ ಹಂಸಕ್ಕೆ ಕೊಕ್ಕು ಸರಿಮಾಡುತ್ತಾ, "ಹಾಗಾದರೆ ನಿನ್ನ ಗಿರಾಕಿಗಳಿಗೂ ಟಿಪ್ಸ್ ಕಲಿಸು" ಎಂದರು. ಆಮೇಲೆ ಜಗಲಿಯಲ್ಲಿ ಕೂತು ನನಗೆ ಪಾಠವೇ ಆಯಿತು. ಟಿಪ್ಸ್ ಕೊಡುವುದು ಕೆಲಸ ಮಾಡಿದ ಕೈಗೆ, ಯಜಮಾನರ ಮೇಜಿಗಲ್ಲ. ಅಂಗಡಿಯ ಯಜಮಾನಿ ತಾನು ತೆಗೆದುಕೊಳ್ಳಬಾರದು. ನೋಟನ್ನು ಸಣ್ಣಗೆ ಮಡಚಿ ಅಂಗೈಯಲ್ಲಿಟ್ಟು, ಮುಖ ನೋಡಿ ನಕ್ಕು, ಕೈಯಿಂದ ಕೈಗೆ ದಾಟಿಸಬೇಕು, ಪಕ್ಕದಲ್ಲಿ ನಿಂತವರಿಗೂ ಕಾಣಬಾರದು. ಕೊಟ್ಟ ಮೇಲೆ ಅದರ ಮಾತೆತ್ತಬಾರದು. ತೆಗೆದುಕೊಂಡವರು ಅಲ್ಲೇ ಬಿಚ್ಚಿ ನೋಡಬಾರದು. ಹೋಟೆಲಿನ ಕೋಣೆಯಾದರೆ ದಿಂಬಿನ ಮೇಲೆ ಇಡಬೇಕು, ಅಡಿಯಲ್ಲಿಟ್ಟರೆ ಮರೆತದ್ದು ಎಂದುಕೊಳ್ಳುತ್ತಾರೆ.

"ನಮ್ಮೂರಿನಲ್ಲಿ ಅಂಗೈಯಲ್ಲಿ ಅಡಗಿಸಿ ಕೊಟ್ಟರೆ ಲಂಚ ಅಂತಾರೆ" ಎಂದೆ. "ನಾನು ಡಬ್ಬಿ ಇಡ್ತೇನೆ."

"ಡಬ್ಬಿ ಬೇಡ ಮಾರಾಯ್ತಿ, ಅದು ದೊಡ್ಡ ಹೋಟೆಲಿಗೆ ಸರಿ" ಎಂದರು. ನಾನು ಯಾರ ಮಾತು ಕೇಳಿದವಳು? ಸೀಳು ಇರುವ ಒಂದು ಸ್ಟೀಲಿನ ಡಬ್ಬಿ ತಂದು ಕನ್ನಡಿಯ ಮುಂದಿಟ್ಟೆ. ಟಿಪ್ಸ್ ಎಂದು ಬರೆಯಲು ನಾಚಿಕೆಯಾಯಿತು. ಏನೂ ಬರೆಯಲಿಲ್ಲ, ನೋಡಿದವರಿಗೆ ಅರ್ಥವಾಗುತ್ತದೆ ಎಂದುಕೊಂಡೆ.

ನೋಡಿದವರಿಗೆ ಚೆನ್ನಾಗಿಯೇ ಅರ್ಥವಾಯಿತು. ನಮ್ಮ ಕಡೆ ಅಂಗಡಿಯ ಮೇಜಿನ ಮೇಲೆ ಸೀಳಿನ ಡಬ್ಬಿ ಇದ್ದರೆ ಅದು ಒಂದೋ ದೈವಸ್ಥಾನದ ಜೀರ್ಣೋದ್ಧಾರಕ್ಕೆ, ಇಲ್ಲವೇ ಮಸೀದಿಗೆ, ಇಲ್ಲವೇ ಯಾರದೋ ಆಪರೇಷನ್ನಿಗೆ. ಮೊದಲ ಗಿರಾಕಿ ನಾಣ್ಯ ಹಾಕಿ, ಡಬ್ಬಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎರಡನೆಯವಳು ಕಣ್ಣು ಮುಚ್ಚಿ, ಮಗಳ ಪರೀಕ್ಷೆ ಎಂದೇನೋ ಗೊಣಗಿದಳು. ಉಮ್ಮ ಕೇಳಿಯೇ ಬಿಟ್ಟರು:

"ಇದು ಯಾವುದರದ್ದು?"

"ಒಂದು ಒಳ್ಳೆಯ ಕೆಲಸಕ್ಕೆ" ಎಂದೆ.

"ಒಳ್ಳೆಯದಕ್ಕೆ ಆದರೆ ಆಯ್ತು" ಎಂದು ಅವರೂ ಹಾಕಿದರು.

ಶನಿವಾರ ಡಬ್ಬಿ ಕುಲುಕಿ ಅವಳ ಮುಂದಿಟ್ಟೆ. ಅವಳು ಕೈಯನ್ನೇ ಹಿಂದೆ ಎಳೆದುಕೊಂಡಳು. "ಬೇಡ ಅಕ್ಕ. ಅವರು ದೇವರಿಗೆ ಅಂತ ಹಾಕಿದ್ದು. ಆ ದುಡ್ಡಿನ ಸ್ಕೂಟರಿನಲ್ಲಿ ನಾನು ಹೇಗೆ ಕೂರುವುದು? ಮೊದಲ ತಿರುವಿನಲ್ಲೇ ಬೀಳ್ತೇನೆ." ಯಾರ ನಾಣ್ಯ ಯಾವ ದೇವರದ್ದೆಂದು ವಿಂಗಡಿಸುವ ಹಾಗೂ ಇರಲಿಲ್ಲ. ಕೊನೆಗೆ ಎಲ್ಲವನ್ನೂ ಹತ್ತಿರದ ಅಂಗನವಾಡಿಗೆ ಕೊಟ್ಟು, ಡಬ್ಬಿಯಲ್ಲಿ ಹೇರ್‌ಪಿನ್ನು ತುಂಬಿಸಿಟ್ಟೆ.

ನಾನು ಸೋಲೊಪ್ಪಿಕೊಳ್ಳುವವಳಲ್ಲ. ಮುಂದಿನ ವಾರ ಗುತ್ತಿನ ಮನೆಯ ಅಮ್ಮ ಬಂದಾಗ, ಅವಳು ಎಣ್ಣೆ ತರಲು ಕೆಳಗಿನ ಅಂಗಡಿಗೆ ಹೋದ ಸಮಯ ನೋಡಿ, ನೇರವಾಗಿಯೇ ಹೇಳಿದೆ: ದೊಡ್ಡ ಊರುಗಳಲ್ಲಿ ಕೆಲಸ ಮಾಡಿದವರಿಗೆ ಬಿಲ್ಲಿನ ಮೇಲೆ ಏನಾದರೂ ಕೊಡುವ ಕ್ರಮ ಉಂಟು. ಅಮ್ಮನ ಮುಖ ಕೆಂಪಾಯಿತು.

"ಅವಳಿಗೆ ಟಿಪ್ಸಾ? ನನ್ನ ಮಗಳ ಮದುವೆಯ ದಿನ ನಸುಕಿನಲ್ಲಿ ಬಂದು, ಮದುಮಗಳ ಜಡೆ ಹೆಣೆದು, ನಮ್ಮ ಪಂಕ್ತಿಯಲ್ಲಿ ಕೂತು ಊಟ ಮಾಡಿದವಳು ಅವಳು. ಮನೆಯವಳ ಕೈಗೆ ಚಿಲ್ಲರೆ ಹಾಕುವಷ್ಟು ಮರ್ಯಾದೆ ಬಿಟ್ಟವರಾ ನಾವು? ಕೊಡಬೇಕಾದದ್ದನ್ನು ಕೊಡಬೇಕಾದ ದಿನ ಕೊಡ್ತೇನೆ. ಸೀರೆ ತೆಗೆದಿಟ್ಟಿದ್ದೇನೆ, ನಿನಗೆ ಗೊತ್ತುಂಟಲ್ಲ?"

ಮರುದಿನ ಅವರ ಮನೆಯಿಂದ ಅವಳಿಗೆಂದು ಒಂದು ಹಲಸಿನ ಹಣ್ಣು ಬಂತು. ಕೋಪ ಇಲ್ಲ ಎಂದು ತೋರಿಸಲು. ಅದನ್ನು ಬಸ್ಸಿಗೆ ಹತ್ತಿಸಲು ಇಬ್ಬರು ಬೇಕಾಯಿತು, ಕಂಡಕ್ಟರ್ ಮೂರನೆಯವನು.

ಅಷ್ಟರಲ್ಲಿ ಮಂಗಳವಾರ ಬಂತು. ಮಂಗಳವಾರ ನಮ್ಮ ಪಾರ್ಲರಿಗೆ ರಜೆ. ಅವಳು ಒಂದು ದಿನ ಕೆಲಸ ಮಾಡಿ ನೋಡಲು ಮೂಡಬಿದ್ರೆಗೆ ಹೋದಳು. ನಾನು ಮನೆಯಲ್ಲಿ ಕೂತು, ಅಲ್ಲಿ ಎಲ್ಲವೂ ಕೆಟ್ಟದಾಗಿರಲಿ ಎಂದು ನಮ್ಮ ಮನೆದೈವಕ್ಕೆ ಕೈಮುಗಿದೆ. ದೈವ ನನ್ನ ಕಡೆ ಇರಲಿಲ್ಲ. ಬುಧವಾರ ಅವಳು ಖುಷಿಯಾಗಿ ಬಂದಳು.

"ಹೇಗಿತ್ತು?" ಎಂದೆ, ಕೇಳಲು ಇಷ್ಟವಿಲ್ಲದವಳ ಹಾಗೆ.

"ಎಸಿ ಉಂಟು. ನೀರಿನ ಶಬ್ದದ ಹಾಡು ಹಾಕ್ತಾರೆ, ಕೇಳಿ ಕೇಳಿ ಬಾತ್‌ರೂಮಿಗೆ ಹೋಗುವ ಅಂತ ಆಗ್ತದೆ. ಮಾತಾಡಬಾರದು, 'ಥ್ಯಾಂಕ್ಯೂ ಮೇಡಂ' ಮಾತ್ರ." ಕುರ್ಚಿ ಒರೆಸುತ್ತಾ ಹೇಳಿದಳು: "ಸುಳ್ಳು ಯಾಕೆ ಹೇಳುವುದು ಅಕ್ಕ? ಹೋಗುವಾಗ ಒಬ್ಬರು ಕೈಗೆ ನೋಟು ಇಟ್ಟರು. ಖುಷಿಯಾಯ್ತು. ಅದನ್ನು ಹೇಗೆ ಬೇಯಿಸುವುದು ಅಂತ ಹೇಳಲಿಲ್ಲ. ಮರುದಿನ ಬಂದು ಪಲ್ಯ ಹೇಗಾಯ್ತು ಅಂತ ಕೇಳುವುದೂ ಇಲ್ಲ."

ಅವಳ ಮಾತು ಸರಿ. ಜೀಗುಜ್ಜೆ ಎಷ್ಟೇ ರುಚಿಯಾಗಿರಲಿ, ಶೋರೂಮಿನವರು ಅದನ್ನು ಮುಂಗಡ ಎಂದು ತೆಗೆದುಕೊಳ್ಳುವುದಿಲ್ಲ. ತಿಂಗಳ ಕೊನೆಗೆ ಉತ್ತರ ಹೇಳುತ್ತೇನೆ ಎಂದು ಹೋಟೆಲಿನವರಿಗೆ ಹೇಳಿ ಬಂದಿದ್ದಳು.

ತಿಂಗಳ ಕೊನೆ ಬರುವ ಮುಂಚೆ ಒಂದು ಶುಕ್ರವಾರ ಬಂತು. ಗುತ್ತಿನ ಮನೆಯ ಅಮ್ಮ ಕುರ್ಚಿಯಲ್ಲಿದ್ದರು. ಅರ್ಧ ತಲೆಗೆ ಬಣ್ಣ ಹಾಕಿ ಆಗಿತ್ತು, ಇನ್ನರ್ಧ ಬೆಳ್ಳಗಿತ್ತು. ಬೆಂಚಿನ ಮೇಲೆ ಉಮ್ಮ, ಆಗಲೇ ಬಣ್ಣ ಹಚ್ಚಿಸಿಕೊಂಡು, ತಲೆಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ಕೂತಿದ್ದರು. ಅಮ್ಮ ಕನ್ನಡಿಯಲ್ಲಿ ಅವಳನ್ನು ನೋಡಿ ಎಂದಿನಂತೆ ಹೇಳಿದರು: "ಎಷ್ಟು ಚಂದ ಕೆಲಸ ನಿನ್ನದು. ಇರಲಿ, ನಿನ್ನ ಮದುವೆಗೆ ಕೊಡ್ತೇನೆ."

ಅವಳ ಬ್ರಶ್ ನಿಂತಿತು.

"ಅಮ್ಮ, ನಾನು ಮದುವೆ ಆಗುವುದಿಲ್ಲ. ಒಂದು ಸ್ಕೂಟರ್ ತೆಗೆಯುವ ಅಂತ ಇದ್ದೇನೆ. ಮದುವೆಗೆ ಅಂತ ಇಟ್ಟದ್ದನ್ನು ಸ್ಕೂಟರಿಗೆ ಕೊಡಬಹುದಾ?"

ನಾನು ಹತ್ತಿಯ ಉಂಡೆಯೊಂದನ್ನು ಹಿಡಿದು ಹಾಗೇ ನಿಂತೆ. ಬೇರೆ ದಿನವಾಗಿದ್ದರೆ ಅಮ್ಮ ಎದ್ದು ಹೋಗುತ್ತಿದ್ದರೋ ಏನೋ. ಆದರೆ ಅರ್ಧ ತಲೆ ಕಪ್ಪು ಅರ್ಧ ತಲೆ ಬಿಳಿ ಮಾಡಿಕೊಂಡು ಗುರುವಾಯನಕೆರೆಯ ಪೇಟೆಗೆ ಇಳಿಯುವ ಧೈರ್ಯ ಗುತ್ತಿನ ಮನೆಯವರಿಗೂ ಇರುವುದಿಲ್ಲ. ಕೂರಲೇಬೇಕಾಯಿತು. ಅವಳು ಏನೂ ಆಗದವಳ ಹಾಗೆ ಉಳಿದರ್ಧಕ್ಕೆ ಬಣ್ಣ ಹಚ್ಚತೊಡಗಿದಳು.

ಮೊದಲು ಬಾಯಿ ಬಿಟ್ಟದ್ದು ಉಮ್ಮ. "ಸ್ಕೂಟರಿಗೆ ಅತ್ತೆ ಇಲ್ಲ, ನಾದಿನಿ ಇಲ್ಲ. ಒಳ್ಳೆಯದೇ."

ಅಮ್ಮ ಕನ್ನಡಿಯಲ್ಲೇ ಉಮ್ಮನನ್ನು ದುರುಗುಟ್ಟಿ ನೋಡಿದರು. ಆಮೇಲೆ ತುಟಿ ಅಲುಗಿತು. ಆಮೇಲೆ ಹೊಟ್ಟೆ ಕುಲುಕಿತು. ನಗು ಎಷ್ಟು ಬಂತೆಂದರೆ ಬಣ್ಣ ಹಣೆಗೆ ಇಳಿದು, ಅವಳು ಒರೆಸಿ ಒರೆಸಿ ಸುಸ್ತಾದಳು. ತಲೆ ತೊಳೆದಾದ ಮೇಲೆ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೇಳಿದರು:

"ಅಲ್ಲ ಮಾರಾಯ್ತಿ, ಮೊದಲೇ ಹೇಳಬಾರದಿತ್ತಾ? ಆ ಸೀರೆಯನ್ನು ವರ್ಷಾ ವರ್ಷಾ ಬಿಸಿಲಿಗೆ ಹಾಕಿ ತೆಗೆದಿಡುವ ಕೆಲಸ ಯಾರಿಗೆ? ಸ್ಕೂಟರ್ ಯಾವಾಗ ಬರ್ತದೆ? ಹೇಳಿಕೆ ಹೇಳಬೇಕು. ಕರೆಯದೆ ನಾವು ಬರುವವರಲ್ಲ."

ಆಗ ನನ್ನ ತಲೆಗೆ ಹೊಳೆಯಿತು. ಇವರಿಗೆ ಕೊಡಲು ಮನಸ್ಸಿಲ್ಲ ಎಂದಲ್ಲ, ಕೊಡಲು ಒಂದು ದಿನ ಬೇಕು. ದಿನವಿಲ್ಲದೆ ಕೊಟ್ಟರೆ ಅದು ಚಿಲ್ಲರೆ. ಕರೆದು, ಕೂರಿಸಿ, ತಿಂಡಿ ಕೊಟ್ಟರೆ ಅದು ಉಡುಗೊರೆ. ನಾನು ಡಬ್ಬಿ ಇಡುವ ಬದಲು ಸಜ್ಜಿಗೆ ಮಾಡಬೇಕಿತ್ತು.

ಮುಂಗಡಕ್ಕೆ ನಾನೂ ಕೈ ಜೋಡಿಸಿದೆ. ಸ್ಕೂಟರ್ ಮಂಗಳವಾರ ಬಂತು. ಅದಕ್ಕೆ ಮುಂಚಿನ ದಿನಗಳಲ್ಲಿ ಅವಳು ಬಂದ ಗಿರಾಕಿಗಳಿಗೆಲ್ಲ, ಹುಬ್ಬಿನ ನೂಲು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿಕೆ ಹೇಳಿದ್ದಳು. ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು, ಚಹಾ. ನನ್ನ ಗಂಡ ಬಿಳಿ ಅಂಗಿ ಹಾಕಿ, ತೋಳಿನ ಮೇಲೆ ಬೈರಾಸು ಇಳಿಬಿಟ್ಟು, ಗಲ್ಫಿನಲ್ಲಿ ಮಾಡಿದ ಹಾಗೆಯೇ ಎಲ್ಲರಿಗೂ ಬಗ್ಗಿ ಬಡಿಸಿದರು. ಪಾರ್ಲರಿನ ಕೆಳಗಿನ ಅಂಗಳದಲ್ಲಿ ಕೆಂಪು ಸ್ಕೂಟರ್, ಹ್ಯಾಂಡಲಿಗೆ ಮಲ್ಲಿಗೆ, ಚಕ್ರದಡಿ ಲಿಂಬೆ.

ಅಷ್ಟು ಹೆಂಗಸರನ್ನು ನಮ್ಮ ಕಟ್ಟಡ ಅದರ ಉದ್ಘಾಟನೆಯ ದಿನವೂ ನೋಡಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದು ರೂಪಾಯಿಯ ನಾಣ್ಯ ಅಂಟಿಸಿದ ಕವರು. ಅಂಗಡಿಯಲ್ಲಿ ಸಿಗುವುದೇ ಅಂಥದ್ದು, ಹೀಗಾಗಿ ಎಲ್ಲದರ ಮೇಲೂ 'ಶುಭ ವಿವಾಹ' ಎಂದು ಚಿನ್ನದ ಅಕ್ಷರ. ಹುಬ್ಬು ಹಾಳಾಗಿದ್ದ ಟೀಚರಮ್ಮ ಅಭ್ಯಾಸಬಲದಿಂದ ಕೆಳಗೆ 'ದಾಂಪತ್ಯ ಸುಖಮಯವಾಗಿರಲಿ' ಎಂದು ದುಂಡಗೆ ಬರೆದಿದ್ದರು. ಉಮ್ಮ ಅತ್ತರಿನ ಬಾಟಲಿ ತೆರೆದು ಮೊದಲು ಅವಳ ಮುಂಗೈಗೆ, ಆಮೇಲೆ ಸ್ಕೂಟರಿನ ಸೀಟಿಗೆ ಹಚ್ಚಿದರು. ಗುತ್ತಿನ ಮನೆಯ ಅಮ್ಮ ಕಾರಿನಿಂದ ಇಳಿದವರು ಸೀರೆಯನ್ನು ಬಿಚ್ಚಿ ಅವಳ ಹೆಗಲಿಗೆ ಹಾಕಿದರು. ಕುಂಕುಮ ಬಣ್ಣದ ರೇಷ್ಮೆ, ನುಸಿಗುಳಿಗೆಯ ಘಾಟು. "ಇದನ್ನು ಉಟ್ಟು ಸ್ಕೂಟರ್ ಬಿಡಬೇಡ, ಚಕ್ರಕ್ಕೆ ಸಿಗ್ತದೆ" ಎಂದರು. ಅವಳ ತಾಯಿ ಒಂದು ಮೂಲೆಯಲ್ಲಿ ಕೂತು, ಮಗಳ ಮದುವೆಯೇ ಆದ ಹಾಗೆ, ಬಂದವರಿಗೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಆಗಿದ್ದದ್ದು ಬೆಳಗಿನ ತಿಂಡಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಯಾರ ಮೇಲೂ ಒಮ್ಮೆಯೂ ರೇಗಲಿಲ್ಲ.

ಎಲ್ಲರೂ ಹೋದ ಮೇಲೆ ಸಂತೋಷದ ಅಡಿಯಲ್ಲಿದ್ದ ಹೆದರಿಕೆ ಮೇಲೆ ಬಂತು. ಸ್ಕೂಟರ್ ಇದ್ದ ಮೇಲೆ ಮೂಡಬಿದ್ರೆ ಎಷ್ಟು ದೂರ? ಹೋಗುವವಳಿಗೆ ನಾನೇ ಚಕ್ರ ಕೊಡಿಸಿದ ಹಾಗಾಯಿತಲ್ಲ ಎಂದು ಮೆಟ್ಟಿಲು ಹತ್ತಿ ಒಳಗೆ ಬಂದೆ. ಅವಳು ಎಣ್ಣೆ ಬಿಸಿ ಮಾಡುತ್ತಿದ್ದಳು.

"ಅಕ್ಕ, ಕೂತುಕೊಳ್ಳಿ."

ನನ್ನದೇ ಪಾರ್ಲರಿನಲ್ಲಿ ಗಿರಾಕಿಯ ಕುರ್ಚಿಯಲ್ಲಿ ನಾನು ಕೂತವಳಲ್ಲ. ಕೂತೆ. ಅವಳ ಬೆರಳುಗಳು ನೆತ್ತಿಯಿಂದ ಕತ್ತಿಗೆ ಇಳಿದವು. ಎಲ್ಲರೂ ಯಾಕೆ ಗೊರಕೆ ಹೊಡೆಯುತ್ತಾರೆಂದು ತಿಳಿಯಿತು. ನನಗೆ ಮಾತ್ರ ನಿದ್ದೆ ಬರಲಿಲ್ಲ, ಇದು ಬೀಳ್ಕೊಡುವ ಎಣ್ಣೆಯೋ ಏನೋ ಎಂದು ಕಣ್ಣು ಮುಚ್ಚಿಯೇ ಅತ್ತೆ. ಮುಗಿದ ಮೇಲೆ ಎದ್ದೆ. ಗಂಡ ಕಲಿಸಿದ ಹಾಗೆ ನೋಟನ್ನು ಸಣ್ಣಗೆ ಮಡಚಿ, ಅಂಗೈಯಲ್ಲಿಟ್ಟು, ಮುಖ ನೋಡಿ ನಕ್ಕು, ಅವಳ ಕೈಗೆ ದಾಟಿಸಿದೆ. ಅವಳು ಬಿಚ್ಚಿ ನೋಡಲಿಲ್ಲ. ಮೂಡಬಿದ್ರೆಯಲ್ಲಿ ಕಲಿತ ಹಾಗೆ ತಲೆ ಬಗ್ಗಿಸಿ, "ಥ್ಯಾಂಕ್ಯೂ ಮೇಡಂ" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಮೂಡಬಿದ್ರೆಗೆ ಯಾವಾಗ ಹೋಗುವುದು?" ಎಂದೆ ಕೊನೆಗೆ.

"ಮಂಗಳವಾರ. ಮಂಗಳವಾರ ಮಾತ್ರ ಬರ್ತೇನೆ ಅಂದೆ, ಅವರು ಆಯ್ತು ಅಂದ್ರು." ಅವಳು ಮೇಜಿನ ಮೇಲಿದ್ದ ಕವರುಗಳ ರಾಶಿಯನ್ನು ತೋರಿಸಿದಳು. "ಇಷ್ಟು ಜನರ ಉಡುಗೊರೆ ತೆಗೆದುಕೊಂಡು ಎಲ್ಲಿಗೆ ಓಡುವುದು ಅಕ್ಕ? ಇನ್ನು ಇವರ ಮನೆಯ ಮದುವೆಗಳಿಗೆಲ್ಲ ನಾನು ಕೊಡಬೇಡವಾ? ಬಸ್ಸು ಕಾಯಬೇಕಂತ ಇಲ್ಲವಲ್ಲ, ನಾಳೆಯಿಂದ ಅರ್ಧ ಗಂಟೆ ಮೊದಲೇ ಬಾಗಿಲು ತೆರೆಯುವ."

ಕೆಳಗೆ ಇಳಿದರೆ, ಗುತ್ತಿನ ಮನೆಯ ಅಮ್ಮ ಮರೆಯದೆ ಬಿಟ್ಟುಹೋಗಿದ್ದ ಹಲಸಿನ ಹಣ್ಣನ್ನು ನನ್ನ ಗಂಡ ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಕೂರಿಸುತ್ತಿದ್ದರು. ಹಿಂದೆ ತಾಯಿ, ಮುಂದೆ ಹಲಸು, ನಡುವೆ ಅವಳು. ಕಾಲನ್ನು ಹಲಸಿನ ಎರಡು ಬದಿಗೆ ಅಗಲಿಸಿ ಇಟ್ಟುಕೊಂಡು ಹೊರಟಳು.

"ಹಣ್ಣು ಹೇಗಿತ್ತು ಅಂತ ನಾಳೆ ಹೇಳಬೇಕು" ಎಂದು ನಾನು ಕೂಗಿ ಹೇಳಿದೆ.

ಅವಳು ತಿರುಗಿ ನೋಡಲಿಲ್ಲ. ಪೇಟೆ ದಾಟುವವರೆಗೂ ಹಾರ್ನು ಬಾರಿಸುತ್ತಲೇ ಹೋದಳು.